ಅಟ್ಟದಿಂದ ಇಳಿದ ಸೈಕಲ್ಲು ಗುಜರಿಗೆ ಹೋಗದಿರಲಿ

ಕೊಬ್ಬರಿಗೆ ಒಳ್ಳೆಯ ಬೆಲೆ ಬಂದ ವರ್ಷ ನಮ್ಮ ಕಡೆ ಹಳೇ ಮನೆ ಕೆಡವಿ ಹೊಸದು ಕಟ್ಟುವ ಕೆಲಸ ಜೋರು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ಯಾವ ಊರಿಗೆ ಹೋದರೂ ನಾಡಹೆಂಚಿನ ಮನೆಗಳು ಒಂದೊಂದಾಗಿ ಬಿದ್ದು, ಆ ಜಾಗದಲ್ಲಿ ಆರ್‌ಸಿಸಿ ಮನೆ ಏಳುತ್ತಿರುವುದು ಕಾಣುತ್ತದೆ. ಕೆಡವುವ ಮೊದಲು ಅಟ್ಟ ಖಾಲಿಯಾಗಬೇಕಲ್ಲ. ಮೊದಲು ಕಾಯಿ ಇಳಿಯುತ್ತದೆ. ಆಮೇಲೆ ಕೊಳಗ, ಒನಕೆ, ಕಾಲು ಮುರಿದ ತೊಟ್ಟಿಲು. ಎಲ್ಲಕ್ಕಿಂತ ಕೊನೆಗೆ, ಮೂಲೆಯಲ್ಲಿ ಗೋಣಿಚೀಲ ಹೊದ್ದು ನಿಂತಿದ್ದ ತಾತನ ಸೈಕಲ್ಲು. ಕಾಯಿ ಸುಲಿದು ಕೊಬ್ಬರಿಯಾಗಿ ತಿಪಟೂರು ಮಾರುಕಟ್ಟೆಗೆ ಹೋಗುತ್ತದೆ, ಕೊಳಗ ಒನಕೆಯನ್ನು ಯಾರಾದರೂ ನೆಂಟರು ಕೇಳಿಕೊಂಡು ಒಯ್ಯುತ್ತಾರೆ. ಸೈಕಲ್ಲು ಅಂಗಳದಲ್ಲಿ ಎರಡು ದಿನ ಮಲಗಿದ್ದು, ಮೂರನೇ ದಿನ ಗುಜರಿಯವನ ಗಾಡಿ ಹತ್ತುತ್ತದೆ.

ಹಳೇ ಕಾಲದ ಭಾರದ ಸೈಕಲ್ಲು ಸುಮಾರು ಇಪ್ಪತ್ತು ಕಿಲೋ ತೂಗುತ್ತದೆ. ಗುಜರಿ ಕಬ್ಬಿಣದ ದರದಲ್ಲಿ ಲೆಕ್ಕ ಹಾಕಿದರೆ ಮನೆಯವರ ಕೈಗೆ ಬರುವುದು ಐದಾರು ನೂರು ರೂಪಾಯಿ. ಒಂದು ಟ್ರಿಪ್ಪು ಮರಳಿಗೆ ಸಾವಿರಾರು ಸುರಿಯುತ್ತಿರುವ ಮನೆಯಲ್ಲಿ ಆ ಐದು ನೂರು ಯಾವ ಲೆಕ್ಕ? ಹಾಗಾಗಿ ಇದು ದುಡ್ಡಿನ ಆಸೆಗೆ ನಡೆಯುವ ವ್ಯಾಪಾರವೇ ಅಲ್ಲ. ಜಾಗ ಬೇಕು, ಹೊಸ ಮನೆಯಲ್ಲಿ ಅಟ್ಟವಿಲ್ಲ, ತುಳಿಯುವವರಿಲ್ಲ. ಇಷ್ಟೇ ಕಾರಣ. ಅದಕ್ಕೇ ಈ ಸೈಕಲ್ಲುಗಳನ್ನು ಉಳಿಸುವುದು ಸುಲಭ ಎಂದು ನನಗನ್ನಿಸುವುದು. ಯಾರಿಗೂ ಅವನ್ನು ಕಳೆದುಕೊಳ್ಳಲೇಬೇಕಾದ ಒತ್ತಾಯವಿಲ್ಲ. ಬೇಡ ಅನ್ನುವವರು ಆ ಹೊತ್ತಿಗೆ ಒಬ್ಬರೂ ಇರುವುದಿಲ್ಲ, ಅಷ್ಟೇ.

ಈ ಮಾತನ್ನು ಬೇರೆಲ್ಲೂ ಅಲ್ಲದೆ ಅಮ್ಮಸಂದ್ರದ ನೆಪದಲ್ಲಿ ಬರೆಯುವುದಕ್ಕೆ ಕಾರಣವಿದೆ. ಅಮ್ಮಸಂದ್ರ ಸೈಕಲ್ಲಿನ ಮೇಲೆ ಬೆಳೆದ ಊರು. ಮೈಸೂರು ಸಿಮೆಂಟ್ಸ್ ಕಂಪನಿ 1958ರಲ್ಲಿ ಹುಟ್ಟಿತು. 1960ರ ದಶಕದ ಆರಂಭದಲ್ಲಿ ಇಲ್ಲಿನ ಕಾರ್ಖಾನೆಯಿಂದ ಸಿಮೆಂಟ್ ಹೊರಬರತೊಡಗಿತು. 2006ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್ ಸಿಮೆಂಟ್ ಅದನ್ನು ತನ್ನ ತೆಕ್ಕೆಗೆ ತೆಗೆದುಕೊಂಡಿತು. ಸಿಮೆಂಟಿನ ಗೂಡು ಒಮ್ಮೆ ಹೊತ್ತಿಕೊಂಡರೆ ರಾತ್ರಿ ಹಗಲು ಉರಿಯುತ್ತಲೇ ಇರಬೇಕು, ಸಂಜೆ ಆರಿಸಿ ಬೆಳಿಗ್ಗೆ ಹಚ್ಚುವಂಥದ್ದಲ್ಲ. ಹಾಗಾಗಿ ಕೆಲಸ ಶಿಫ್ಟಿನ ಲೆಕ್ಕದಲ್ಲಿ. ನಡುರಾತ್ರಿ ಶಿಫ್ಟು ಮುಗಿಸಿದವನಿಗೆ ದಂಡಿನಶಿವರದ ಕಡೆಗೋ ಬಾಣಸಂದ್ರ, ಸಂಪಿಗೆಯ ಕಡೆಗೋ ಯಾವ ಬಸ್ಸಿತ್ತು? ರೈಲು ಅದರ ಹೊತ್ತಿಗೆ ಮಾತ್ರ. ತನ್ನ ಹೊತ್ತಿಗೆ ತಾನು ಹೊರಡಬೇಕಾದವನಿಗೆ ಇದ್ದದ್ದು ಒಂದೇ ದಾರಿ. ಹ್ಯಾಂಡಲ್ಲಿಗೆ ಬುತ್ತಿ ನೇತುಹಾಕಿಕೊಂಡು, ಡೈನಮೋ ದೀಪದ ಬೆಳಕಲ್ಲಿ ತೋಟದ ನಡುವಿನ ಮಣ್ಣುದಾರಿ ತುಳಿಯುವುದು. ಇವತ್ತು ಆ ಸುತ್ತಿನ ಹಳ್ಳಿಗಳ ಅಟ್ಟ, ಕೊಟ್ಟಿಗೆ, ಪಂಪ್‌ಹೌಸುಗಳಲ್ಲಿ ತುಕ್ಕು ಹಿಡಿದು ನಿಂತಿರುವ ಸೈಕಲ್ಲುಗಳಲ್ಲಿ ಎಷ್ಟೋ, ಬೇಸಾಯದ ಮನೆಯೊಂದು ಮೊದಲ ಸಲ ತಿಂಗಳ ಸಂಬಳ ಕಂಡ ಕಾಲದವು. ಮೊದಮೊದಲ ಸಂಬಳದಲ್ಲಿ ಕೈಗಡಿಯಾರ, ರೇಡಿಯೋ, ಸೈಕಲ್ಲು ಕೊಳ್ಳುತ್ತಿದ್ದರು. ಗಡಿಯಾರ, ರೇಡಿಯೋ ಹಾಳಾಗಿ ಎಂದೋ ಹೋದವು. ಉಕ್ಕಿನದಾದ್ದರಿಂದ ಸೈಕಲ್ಲು ಉಳಿದಿದೆ.

ತೆಂಗಿನ ಕೆಲಸಕ್ಕೂ ಅದೇ ಸೈಕಲ್ಲು. ಕ್ಯಾರಿಯರ್ ಮೇಲೆ ಕಾಯಿ ಚೀಲ, ಎರಡೂ ಬದಿಗೆ ಎಳನೀರ ಗೊನೆ, ಬಾರ್ ಮೇಲೆ ಮಗ. ಆ ಭಾರ ತಡೆಯಲಿ ಎಂದೇ ಫೋರ್ಕಿಗೆ ಎರಡು ಸರಳು ಹೆಚ್ಚಿಗೆ ಹೊಡೆಸುತ್ತಿದ್ದರು, ಕ್ಯಾರಿಯರನ್ನು ಲೋಕಲ್ ವೆಲ್ಡಿಂಗ್ ಶಾಪಿನಲ್ಲಿ ದಪ್ಪ ಕಬ್ಬಿಣದಿಂದ ಮಾಡಿಸುತ್ತಿದ್ದರು. 1980ರಲ್ಲಿ ಟಿವಿಎಸ್ 50 ಬಂತು. ನಮ್ಮಿಂದ ಬಹಳ ದೂರವೇನಲ್ಲದ ಹೊಸೂರಿನಿಂದ ಬಂದ ಆ ಗಾಡಿ, ಮತ್ತು ಅದರ ತಮ್ಮಂದಿರಾದ ಎಕ್ಸೆಲ್ ಗಾಡಿಗಳು, ಕಾಯಿ ಚೀಲವನ್ನು ಸೈಕಲ್ಲಿನ ಬೆನ್ನಿಂದ ಇಳಿಸಿಕೊಂಡವು. ಇವತ್ತಿಗೂ ತೆಂಗಿನ ಸೀಮೆಯಲ್ಲಿ ಎಕ್ಸೆಲ್ ಇಲ್ಲದ ತೋಟವಿಲ್ಲ. ಸೈಕಲ್ಲು ಅಟ್ಟ ಸೇರಿದ್ದು ಆವಾಗ.

ಅಟ್ಟ ಸೇರಿದ್ದೇ ಅದರ ಪುಣ್ಯ. ತಿಪಟೂರಿನ ಉಂಡೆ ಕೊಬ್ಬರಿ ಆಗುವ ಬಗೆ ಎಲ್ಲರಿಗೂ ಗೊತ್ತು. ಬಲಿತ ಕಾಯಿಯನ್ನು ಸಿಪ್ಪೆಸಮೇತ ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಬಿಟ್ಟರೆ ಒಳಗಿನ ನೀರು ತಾನಾಗಿ ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಗಿಟಗಿಟ ಅಲ್ಲಾಡುತ್ತದೆ. ಅದಕ್ಕೆ ಬೇಕಾದದ್ದು ಒಣ ಗಾಳಿ, ನೆರಳು, ಹೆಂಚಿನ ಹದವಾದ ಬಿಸಿ. ಕಬ್ಬಿಣ ತುಕ್ಕು ಹಿಡಿಯದಿರಲು ಬೇಕಾದದ್ದೂ ಇದೇ. ಕರಾವಳಿಯಲ್ಲೋ ಮಲೆನಾಡಿನಲ್ಲೋ ನಲವತ್ತು ವರ್ಷ ಮೂಲೆಯಲ್ಲಿ ನಿಂತ ಸೈಕಲ್ಲಿನ ಮಡ್‌ಗಾರ್ಡು ಕೈಯಲ್ಲಿ ಹಿಡಿದರೆ ಪುಡಿಯಾಗುತ್ತದೆ. ನಮ್ಮ ಅಟ್ಟದಿಂದ ಇಳಿಸಿದ್ದಕ್ಕೆ ಒಂದು ಪದರ ಧೂಳು, ಮಸಿ, ಇಲಿ ಕಡಿದ ಟ್ಯೂಬು. ಧೂಳು ಒರೆಸಿದರೆ ಕಪ್ಪು ಬಣ್ಣದ ಮೇಲೆ ಕಂಪನಿ ಎಳೆದಿದ್ದ ಚಿನ್ನದ ಗೆರೆ ಇನ್ನೂ ಕಾಣಬಹುದು. ಕೊಟ್ಟಿಗೆಯಲ್ಲಿ ಇಟ್ಟವರದು ಬೇರೆ ಕಥೆ. ಗಂಜಳದ ಹಬೆ ಮೊದಲು ರಿಮ್ಮನ್ನು ತಿನ್ನುತ್ತದೆ.

ಇಳಿಸಿದ ಸೈಕಲ್ಲು ಯಾವುದು, ಎಂದಿನದು ಎಂದು ಹೇಗೆ ಗೊತ್ತಾಗುತ್ತದೆ? ಬಣ್ಣ, ಸ್ಟಿಕ್ಕರು ಹೋಗಿದ್ದರೂ ಚೈನು ಸುತ್ತುವ ದೊಡ್ಡ ಹಲ್ಲಿನ ಚಕ್ರ ಸುಳ್ಳು ಹೇಳುವುದಿಲ್ಲ. ಆ ಕಾಲದ ಇಂಗ್ಲೆಂಡಿನ ಕಂಪನಿಗಳು ತಮ್ಮ ಗುರುತನ್ನು ಆ ಚಕ್ರದಲ್ಲೇ ಕೊರೆದುಬಿಡುತ್ತಿದ್ದವು. ಕೊಕ್ಕು ಚಾಚಿದ ಬಕಪಕ್ಷಿಯ ತಲೆಗಳಿದ್ದರೆ ಅದು ನಾಟಿಂಗ್‌ಹ್ಯಾಮಿನ ರ‍್ಯಾಲಿ. ಬಿಎಸ್‌ಎ ಎಂಬ ಅಕ್ಷರಗಳೇ ಇದ್ದರೆ ಬರ್ಮಿಂಗ್‌ಹ್ಯಾಮ್ ಸ್ಮಾಲ್ ಆರ್ಮ್ಸ್. ಇದು ಬಂದೂಕು ತಯಾರಿಸುತ್ತಿದ್ದ ಕಂಪನಿ, ಅದಕ್ಕೇ ಅದರ ಮುದ್ರೆಯಲ್ಲಿ ಒಂದಕ್ಕೊಂದು ಆನಿಸಿ ನಿಲ್ಲಿಸಿದ ಮೂರು ಬಂದೂಕು. ಬಿಚ್ಚಿದ ಅಂಗೈ ಇದ್ದರೆ ರಡ್ಜ್. ಐದು ಪುಟ್ಟ ಮನುಷ್ಯಾಕೃತಿಗಳು ಸುತ್ತ ನಿಂತಿದ್ದರೆ ಹಂಬರ್. ಹಂಬರ್ ಸಿಕ್ಕಿದರೆ ಅದರ ಮುಂದಿನ ಫೋರ್ಕನ್ನೂ ನೋಡಿ, ಒಂದೊಂದು ಬದಿಗೂ ಜೋಡಿ ಕೊಳವೆ ಇರುತ್ತದೆ. ಮಾತು ಬಾರದ ಯಂತ್ರದ ಮೇಲೆ ಇಷ್ಟು ಅಕ್ಕರೆಯಿಂದ ಕೆಲಸ ಮಾಡಿದವರು ಅವರು. ಚಿಕ್ಕಂದಿನಲ್ಲಿ ಬಾರ್ ಮೇಲೆ ಕಾಲು ಎಟುಕದೆ ಒಳಪೆಡ್ಲು ತುಳಿದವರಿಗೆ ಆ ಚಿತ್ರಗಳು ನೆನಪಿರಲೇಬೇಕು, ಕಣ್ಣಿಗೆ ನೇರ ಇದ್ದದ್ದೇ ಅವು.

ಹೊಳಪೂ ವಯಸ್ಸು ಹೇಳುತ್ತದೆ. ಸುಮಾರು 1930ರವರೆಗೆ ಹ್ಯಾಂಡಲ್ಲಿಗೂ ರಿಮ್ಮಿಗೂ ನಿಕ್ಕಲ್ ಲೇಪನ, ಅದಾದ ಮೇಲೆ ಕ್ರೋಮಿಯಂ. ನಿಕ್ಕಲ್ಲಿನದು ಸ್ವಲ್ಪ ಹಳದಿ ಛಾಯೆಯ ಮೆತ್ತನೆಯ ಹೊಳಪು, ಕ್ರೋಮಿನದು ನೀಲಿ ಮಿಶ್ರಿತ ಕನ್ನಡಿ ಹೊಳಪು. ನಮ್ಮಲ್ಲಿ ಗೇರಿನ ಸೈಕಲ್ಲು ಅಪರೂಪ. ಅನುಕೂಲಸ್ಥ ಶಾನುಭೋಗರೋ ಮೇಷ್ಟರೋ ಇಟ್ಟುಕೊಂಡಿದ್ದು ಸಿಕ್ಕರೂ ಸಿಗಬಹುದು. ಸಿಕ್ಕರೆ ಹಿಂದಿನ ಹಬ್ಬಿನ ಜಿಡ್ಡು ಬಟ್ಟೆಯಲ್ಲಿ ಒರೆಸಿ ಬೆಳಕಿಗೆ ಹಿಡಿಯಿರಿ. ಸ್ಟರ್ಮಿ ಆರ್ಚರ್ ಎಂಬ ಹೆಸರು, ಅದರ ಪಕ್ಕ ಎಡಬ್ಲ್ಯೂ ಎಂಬ ಎರಡಕ್ಷರ, ಅದರ ಪಕ್ಕ 52 ಎಂಬಂಥ ಒಂದು ಅಂಕಿ. ಎಡಬ್ಲ್ಯೂ ಎಂಬುದು 1936ರಿಂದ ಬಂದ ಮೂರು ಗೇರಿನ ಹಬ್ಬು. 52 ಎಂದರೆ 1952ರಲ್ಲಿ ತಯಾರಾದದ್ದು. ತಿಂಗಳ ಅಂಕಿಯೂ ಜೊತೆಗಿರುವುದುಂಟು. ಸರ್ಟಿಫಿಕೇಟಿನಲ್ಲಿ ಹುಟ್ಟಿದ ದಿನಾಂಕ ಅಂದಾಜಿಗೆ ಬರೆಸಿಕೊಂಡ ತಾತನ ಮನೆಯಲ್ಲಿ ಸೈಕಲ್ಲಿನ ಹುಟ್ಟಿದ ತಿಂಗಳು ಇಷ್ಟು ಖಚಿತವಾಗಿ ಸಿಗುತ್ತದೆ.

ಇಂಗ್ಲೆಂಡಿನದಾದರೆ ಮಾತ್ರ ಬೆಲೆ, ಉಳಿದದ್ದು ಕಬ್ಬಿಣ ಎಂಬ ಭಾವನೆ ಸಂಗ್ರಹಕಾರರಲ್ಲಿದೆ. ಇದನ್ನು ನಾನು ಒಪ್ಪುವುದಿಲ್ಲ. ಸ್ವಾತಂತ್ರ್ಯ ಬಂದ ಮೇಲಿನ ಹತ್ತು ವರ್ಷದಲ್ಲಿ ಈ ದೇಶ ಸೈಕಲ್ಲು ಕಟ್ಟಲು ಕಲಿತದ್ದು ದೊಡ್ಡ ಕಥೆ. 1949ರಲ್ಲಿ ಮದರಾಸಿನಲ್ಲಿ ಟಿಐ ಸೈಕಲ್ಸ್ ಶುರುವಾಗಿ ಅಂಬತ್ತೂರಿನಿಂದ ಹರ್ಕ್ಯುಲಿಸ್ ಹೊರಬಂತು. ಸುಧೀರ್ ಕುಮಾರ್ ಸೇನ್ ಅವರು ರ‍್ಯಾಲಿ ಕಂಪನಿಯ ಜೊತೆಗೂಡಿ ಬಂಗಾಳದ ಆಸನ್‌ಸೋಲಿನಲ್ಲಿ ಸೇನ್ ರ‍್ಯಾಲಿ ಕಾರ್ಖಾನೆ ಕಟ್ಟಿದರು. 1951ರಲ್ಲಿ ಸೋನಿಪತ್‌ನ ಅಟ್ಲಾಸ್, 1956ರಲ್ಲಿ ಲೂಧಿಯಾನದ ಹೀರೋ. ಅಮ್ಮಸಂದ್ರದ ಗೇಟಿನ ಮುಂದೆ ನಿಂತಿದ್ದವುಗಳಲ್ಲಿ ಹೆಚ್ಚಿನವು ಇಂಥ ಸ್ವದೇಶಿ ಸೈಕಲ್ಲುಗಳೇ ಇರಬೇಕು. ಫ್ಯಾಕ್ಟರಿ ಶುರುವಾಗುವ ಹೊತ್ತಿಗೆ ವಿದೇಶಿ ಸೈಕಲ್ಲು ಆಮದಾಗಿ ಬರುವ ಕಾಲ ಮುಗಿಯುತ್ತಾ ಬಂದಿತ್ತು. ಇವುಗಳಲ್ಲೂ ಕೆಲವು ಕಂಪನಿಗಳು ಈಗಿಲ್ಲ. ಸೇನ್ ರ‍್ಯಾಲಿ ಸರ್ಕಾರದ ಕೈಗೆ ಹೋಗಿ ಆಮೇಲೆ ಮುಚ್ಚಿತು. ಅಟ್ಲಾಸ್ ಕಂಪನಿ ಸಾಹಿಬಾಬಾದಿನಲ್ಲಿದ್ದ ತನ್ನ ಕಾರ್ಖಾನೆಯನ್ನು ನಿಲ್ಲಿಸಿದ್ದು 2020ರ ಜೂನ್ 3ರಂದು, ವಿಶ್ವ ಸೈಕಲ್ ದಿನದಂದೇ. ಆಸನ್‌ಸೋಲಿನ ಒಂದು ಸೈಕಲ್ಲು ದಂಡಿನಶಿವರದ ಅಟ್ಟದಲ್ಲಿ ಸಿಕ್ಕರೆ ಅದು ನಾಟಿಂಗ್‌ಹ್ಯಾಮಿನದಕ್ಕಿಂತ ಯಾವುದರಲ್ಲಿ ಕಡಿಮೆ?

ಹಳೇ ಸೈಕಲ್ಲನ್ನು ಮತ್ತೆ ಓಡಿಸುವುದು ನಮ್ಮ ದೇಶದಲ್ಲಿ ಬೇರೆ ಕಡೆಗಿಂತ ಸುಲಭ ಎಂಬುದನ್ನು ತುಂಬಾ ಜನ ಗಮನಿಸಿಲ್ಲ. ಜಾನ್ ಕೆಂಪ್ ಸ್ಟಾರ್ಲಿ 1885ರಲ್ಲಿ ರೋವರ್ ಎಂಬ ಸೈಕಲ್ಲಿಗೆ ಕೊಟ್ಟ ರೂಪ, 1888ರಲ್ಲಿ ಡನ್ಲಪ್ ಪೇಟೆಂಟ್ ಪಡೆದ ಗಾಳಿ ತುಂಬಿದ ಟೈರು, ಇವೆರಡೂ ಸೇರಿದ ಮೇಲೆ ಸೈಕಲ್ಲಿನ ಮೂಲ ಸ್ವರೂಪ ಹೆಚ್ಚು ಬದಲಾಗಲೇ ಇಲ್ಲ. ಇಂಗ್ಲೆಂಡಿನಲ್ಲಿ ಆ ಕಪ್ಪು ಭಾರದ ಸೈಕಲ್ಲು ದಶಕಗಳ ಹಿಂದೆಯೇ ರಸ್ತೆ ಬಿಟ್ಟಿತು. ನಮ್ಮಲ್ಲಿ ಅದರ ಮೊಮ್ಮಕ್ಕಳು ಇವತ್ತೂ ತಯಾರಾಗುತ್ತಿವೆ. ಆದ್ದರಿಂದ ಇಪ್ಪತ್ತೆಂಟು ಒಂದೂವರೆ ಟೈರು, ಅದರ ಟ್ಯೂಬು, ರಾಡ್ ಬ್ರೇಕಿನ ರಬ್ಬರು, ಕಡ್ಡಿ, ಫ್ರೀವೀಲು, ಕಾಟರ್ ಪಿನ್ನು ಇವೆಲ್ಲ ತಿಪಟೂರು ತುಮಕೂರಿನ ಸೈಕಲ್ ಅಂಗಡಿಯಲ್ಲಿ ಕೇಳಿದರೆ ಸಿಗುತ್ತವೆ. ಲಂಡನ್ನಿನ ಹವ್ಯಾಸಿಯೊಬ್ಬ ತಿಂಗಳುಗಟ್ಟಲೆ ಹುಡುಕುವ ಸಾಮಾನು ನಮ್ಮ ಪಂಕ್ಚರ್ ಅಂಗಡಿಯ ಡಬ್ಬಿಯಲ್ಲಿರುತ್ತದೆ.

ಒಂದು ಎಚ್ಚರ ಮಾತ್ರ ಬೇಕು. ಹಳೇ ರ‍್ಯಾಲಿಯ ಥ್ರೆಡ್ಡು ಉಳಿದ ಕಂಪನಿಗಳದಕ್ಕಿಂತ ಸಣ್ಣದು. ಪೆಡಲಿನ ಬುಡದಲ್ಲಿ ಬೇರೆಯವರದು ಅಂಗುಲಕ್ಕೆ 24 ಸುತ್ತಿದ್ದರೆ ರ‍್ಯಾಲಿಯದು 26. ಇದು ಗೊತ್ತಿಲ್ಲದವರು ಬೇರಿಂಗ್ ಗುಂಡು ಕೂರುವ ಹೊಸ ಕಪ್ಪನ್ನು ಪಾನಾ ಹಾಕಿ ಬಲವಂತವಾಗಿ ತಿರುಗಿಸುತ್ತಾರೆ, ಫ್ರೇಮಿನ ಥ್ರೆಡ್ಡೇ ಹಾಳಾಗುತ್ತದೆ. ಎಂಬತ್ತು ವರ್ಷ ಬಾಳಿದ ಫ್ರೇಮು ಒಂದು ಮಧ್ಯಾಹ್ನದ ಅವಸರಕ್ಕೆ ಕೆಡುವುದು ಹೀಗೆ. ಹಳೆಯ ಕಪ್ಪು ಸವೆದಿದ್ದರೂ ಎಸೆಯಬೇಡಿ, ಗುಂಡು ಬದಲಿಸಿ ಹೊಸ ಗ್ರೀಸು ಹಾಕಿದರೆ ಎಷ್ಟೋ ಸಲ ಅದೇ ಸಾಕಾಗುತ್ತದೆ.

ಇನ್ನು ಬಿಚ್ಚುವ ಕೆಲಸ. ಹಳೇ ಸೈಕಲ್ಲಿನ ನಿಜವಾದ ಪರೀಕ್ಷೆ ಕಾಟರ್ ಪಿನ್ನು. ಪೆಡಲಿನ ತೋಳನ್ನು ನಡುವಿನ ಅಚ್ಚಿಗೆ ಕಚ್ಚಿ ಹಿಡಿದಿರುವ, ಕಿರುಬೆರಳ ದಪ್ಪದ, ಒಂದು ಮೈ ಓರೆಯಾಗಿ ತೆಗೆದಿರುವ ಉಕ್ಕಿನ ಬೆಣೆ ಅದು. ಮೂವತ್ತು ನಲವತ್ತು ವರ್ಷ ಅಲುಗದೆ ಕೂತಿರುವುದರಿಂದ ಸುಲಭಕ್ಕೆ ಬರುವುದಿಲ್ಲ. ಅರೆಬರೆ ಸಿಟ್ಟಿನಲ್ಲಿ ಸುತ್ತಿಗೆಯಿಂದ ಹತ್ತು ಸಲ ಬಡಿದರೆ ಪಿನ್ನಿನ ತುದಿ ಅಣಬೆ ಮೊಗ್ಗಿನಂತೆ ಹರಡಿ ಅಲ್ಲೇ ಸಿಕ್ಕಿಕೊಳ್ಳುತ್ತದೆ, ಏಟೆಲ್ಲ ಒಳಗಿನ ಗುಂಡುಗಳ ಮೇಲೆ ಬಿದ್ದು ಕಪ್ಪಿನಲ್ಲಿ ಗುಳಿ ಬೀಳುತ್ತದೆ. ಪಳಗಿದ ಮೇಸ್ತ್ರಿ ಹಾಗೆ ಮಾಡುವುದಿಲ್ಲ. ಮೂರು ನಾಲ್ಕು ದಿನ ಮುಂಚೆಯೇ ಸೀಮೆಎಣ್ಣೆಯೋ ಡೀಸೆಲ್ಲೋ ಬೆರೆಸಿದ ಎಣ್ಣೆ ಬಿಡುತ್ತಾನೆ. ನಟ್ಟನ್ನು ಪೂರ್ತಿ ತೆಗೆಯದೆ ಪಿನ್ನಿನ ತುದಿಗೆ ಸರಿಸಮ ಬರುವಷ್ಟು ಮಾತ್ರ ಸಡಿಲಿಸುತ್ತಾನೆ, ಏಟು ಥ್ರೆಡ್ಡಿಗೆ ಬೀಳದಿರಲಿ ಎಂದು. ತೋಳಿನ ಕೆಳಗೆ ನೆಲದಿಂದ ಒಂದು ದಪ್ಪ ಪೈಪಿನ ತುಂಡನ್ನು ಆಸರೆ ಕೊಡುತ್ತಾನೆ, ಪಿನ್ನು ಇಳಿಯುವ ಜಾಗ ಪೈಪಿನ ತೂತಿಗೆ ನೇರ ಬರುವಂತೆ. ಆಮೇಲೆ ಭಾರದ ಸುತ್ತಿಗೆಯಿಂದ ಒಂದೇ ಗಟ್ಟಿ ಏಟು. ಟಪ್ ಎಂದು ಸದ್ದು ಬದಲಾದರೆ ಪಿನ್ನು ಬಿಟ್ಟಿತು ಎಂದರ್ಥ. ಎಡಗಡೆ ಪೆಡಲಿನ ಥ್ರೆಡ್ಡು ಉಲ್ಟಾ ಎಂಬುದನ್ನೂ ಮರೆಯಬಾರದು. ಈ ವಿದ್ಯೆ ಯಾವ ಪುಸ್ತಕದಿಂದಲೂ ಕೈಗೆ ಬರುವುದಿಲ್ಲ, ಪಕ್ಕದಲ್ಲಿ ಕೂತು ನೋಡಬೇಕು.

ತೆಂಗಿನ ಸೀಮೆಯವರಾದ ನಮಗೆ ಎಲ್ಲದಕ್ಕೂ ಕೊಬ್ಬರಿ ಎಣ್ಣೆ. ಸೈಕಲ್ಲಿಗೆ ಮಾತ್ರ ಅದು ಬೇಡ. ಇಪ್ಪತ್ನಾಲ್ಕು ಡಿಗ್ರಿಗಿಂತ ಚಳಿಯಾದರೆ ಗಟ್ಟಿಯಾಗುವ ಎಣ್ಣೆ ಅದು. ಮಾಗಿಯ ಬೆಳಿಗ್ಗೆ ಚೈನಿನಲ್ಲೇ ಹೆಪ್ಪುಗಟ್ಟುತ್ತದೆ, ಧೂಳು ಹಿಡಿದು ಅಂಟಾಗುತ್ತದೆ. ಸೀಟಿಗಂತೂ ಹಚ್ಚಲೇಬಾರದು. ಬ್ರೂಕ್ಸ್ ಎಂದು ಪಕ್ಕದಲ್ಲಿ ಅಚ್ಚೊತ್ತಿದ ಚರ್ಮದ ಸೀಟು ಸಿಕ್ಕರೆ ಅದು ಸೈಕಲ್ಲಿನಷ್ಟೇ ಬೆಲೆಬಾಳುವ ವಸ್ತು. ಜಾನ್ ಬೌಲ್ಟ್‌ಬೀ ಬ್ರೂಕ್ಸ್ 1882ರಲ್ಲಿ ಪೇಟೆಂಟ್ ಪಡೆದ ಸೀಟಿನ ವಂಶ ಅದು. ಒಂದೇ ದಪ್ಪ ಚರ್ಮವನ್ನು ಹಿಂದೆ ಮುಂದೆ ಎಳೆದು ರಿವೆಟ್ ಹೊಡೆದಿರುತ್ತಾರೆ, ತುಳಿಯುವವನ ಮೈಗೆ ತಕ್ಕಂತೆ ವರ್ಷಗಳಲ್ಲಿ ಅದು ತಗ್ಗಿ ಹೊಂದಿಕೊಳ್ಳುತ್ತದೆ. ಎಣ್ಣೆ ಕುಡಿಸಿದರೆ ಚರ್ಮ ಮೆತ್ತಗಾಗಿ ಜೋತುಬೀಳುತ್ತದೆ. ಒಣಗಿ ಬಿರುಕು ಬಿಟ್ಟಿದ್ದರೆ ಒದ್ದೆ ಬಟ್ಟೆಯಲ್ಲಿ ಒರೆಸಿ, ನೆರಳಲ್ಲಿ ಆರಿಸಿ, ಚರ್ಮಕ್ಕೆಂದೇ ಬರುವ ಮೇಣವನ್ನು ತೆಳುವಾಗಿ ಸವರಿದರೆ ಸಾಕು. ಕ್ರೋಮ್ ಮೇಲಿನ ತುಕ್ಕಿಗೆ ಉಪ್ಪಿನ ಕಾಗದ ಹಿಡಿಯಬಾರದು. ಅಲ್ಯೂಮಿನಿಯಂ ಫಾಯಿಲ್ ಮುದ್ದೆ ಮಾಡಿ ನೀರಲ್ಲದ್ದಿ ಉಜ್ಜಿದರೆ ಗೀರು ಬೀಳದೆ ತುಕ್ಕು ಬಿಡುತ್ತದೆ. ಆಕ್ಸಾಲಿಕ್ ಆಮ್ಲದ ನೀರಲ್ಲಿ ಬಿಡಿಭಾಗ ನೆನೆಹಾಕುವವರೂ ಇದ್ದಾರೆ. ಅದು ವಿಷ, ಕೈಗವಸು ಬೇಕು, ಆ ನೀರು ದನ ಕುಡಿಯುವ ಕಡೆ ಹೋಗಬಾರದು.

ಬಣ್ಣದ ವಿಷಯಕ್ಕೆ ಬಂದರೆ ನನ್ನದು ಹಟದ ಮಾತು. ಹೊಸ ಬಣ್ಣ ಹೊಡೆಸಬೇಡಿ. ಗ್ಯಾರೇಜಿನಲ್ಲಿ ಒಂದು ಗಂಟೆಯಲ್ಲಿ ಕಪ್ಪು ಸ್ಪ್ರೇ ಹೊಡೆದು ಕೊಡುತ್ತಾರೆ, ಹೊಳೆಯುತ್ತದೆ ನಿಜ. ಆದರೆ ಚಿನ್ನದ ಗೆರೆ ಹೋಯಿತು, ಕಂಪನಿಯ ಹೆಸರು ಹೋಯಿತು, ಬಾರ್ ಮೇಲೆ ಮಗಳು ಕೂತು ಕೂತು ಬಣ್ಣ ಸವೆದ ಜಾಗ ಹೋಯಿತು. ಪ್ರತಿ ಆಯುಧಪೂಜೆಗೆ ಸೈಕಲ್ಲು ತೊಳೆದು ವಿಭೂತಿ ಕುಂಕುಮ ಇಟ್ಟು ನಿಂಬೆಹಣ್ಣು ಕತ್ತರಿಸಿದ ಮನೆಗಳಲ್ಲಿ ದೀಪದ ಕಟ್ಟಿನ ಸಂದಿಯಲ್ಲಿ, ಹೆಡ್ಡಿನ ಬಿಲ್ಲೆಯ ಅಂಚಿನಲ್ಲಿ ಕುಂಕುಮ ಪದರಪದರವಾಗಿ ಕಲ್ಲಾಗಿರುತ್ತದೆ. ಲೋಕಲ್ ಕ್ಯಾರಿಯರ್, ಹೆಚ್ಚಿಗೆ ಹೊಡೆಸಿದ ಫೋರ್ಕಿನ ಸರಳು, ಹ್ಯಾಂಡಲ್ಲಿಗೆ ಬುತ್ತಿ ನೇತುಹಾಕಲು ಬೆಸೆದ ಕೊಕ್ಕೆ, ಇವನ್ನೆಲ್ಲ ಕಿತ್ತು ‘ಒರಿಜಿನಲ್’ ಮಾಡುವವರೂ ಇದ್ದಾರೆ. ಕಾರ್ಖಾನೆಯಿಂದ ಬಂದ ದಿನದ ರೂಪ ನೋಡಬೇಕಾದರೆ ಹಳೇ ಜಾಹೀರಾತಿದೆ. ಕೊಕ್ಕೆ ಬೆಸೆದ ಹ್ಯಾಂಡಲ್ಲು ಇರುವುದು ಇಲ್ಲಿ ಮಾತ್ರ.

ಬೆಂಗಳೂರಿನ ಕಡೆಯಿಂದ ಹಳೇ ಸಾಮಾನು ಹುಡುಕಿಕೊಂಡು ಬರುವವರು ನಮ್ಮ ಕಡೆಯ ಊರುಗಳಿಗೆ ಹೊಸಬರಲ್ಲ. ಹಳೇ ಬಾಗಿಲು, ಕಂಬ, ಹಿತ್ತಾಳೆ ಪಾತ್ರೆ ಒಯ್ದವರೇ ಸೈಕಲ್ಲನ್ನೂ ಒಯ್ಯುತ್ತಾರೆ. ಗುಜರಿಯವನಿಗಿಂತ ನಾಲ್ಕು ಪಟ್ಟು ಕೊಡುತ್ತಾರೆ, ಕರಗಿಸುವುದೂ ಇಲ್ಲ. ಹಾಗೆಂದು ನೆಮ್ಮದಿ ಪಡುವಂತಿಲ್ಲ. ಹೆಡ್ಡಿನ ಹಿತ್ತಾಳೆ ಬಿಲ್ಲೆ ಒಬ್ಬನಿಗೆ, ಸೀಟು ಇನ್ನೊಬ್ಬನಿಗೆ, ದೀಪ ಮತ್ತೊಬ್ಬನಿಗೆ ಬಿಡಿಬಿಡಿಯಾಗಿ ಮಾರಿದರೆ ಲಾಭ ಜಾಸ್ತಿ. ಉಳಿದ ಫ್ರೇಮಿಗೆ ಹಳದಿ ಬಣ್ಣ ಬಳಿದು ಹೋಟೆಲ್ಲಿನ ಗೋಡೆಗೆ ನೇತುಹಾಕುತ್ತಾರೆ, ಕ್ಯಾರಿಯರಿನಲ್ಲಿ ಹೂಕುಂಡ ಇಡುತ್ತಾರೆ. ಆ ಸೈಕಲ್ಲು ಮುಂದೆಂದೂ ಓಡುವುದಿಲ್ಲ, ಯಾರದು ಎಂದು ಹೇಳುವವರೂ ಇರುವುದಿಲ್ಲ. ತುಕ್ಕಿನಿಂದ ಹೋದ ಸೈಕಲ್ಲುಗಳಿಗಿಂತ ಹೀಗೆ ಚೆಲ್ಲಾಪಿಲ್ಲಿಯಾಗಿ ಹೋದವುಗಳ ಬಗ್ಗೆ ನನಗೆ ಹೆಚ್ಚು ಸಂಕಟ.

ಕಾರಿಗೆ ಈ ಗತಿ ಇಲ್ಲ. ಐವತ್ತು ವರ್ಷ ದಾಟಿದ ಮೋಟಾರು ವಾಹನಕ್ಕೆ ಪ್ರತ್ಯೇಕ ನೋಂದಣಿ ಕೊಡುವ ನಿಯಮವನ್ನು ಕೇಂದ್ರ ಸರ್ಕಾರ 2021ರಲ್ಲಿ ತಂದಿತು. ಧರ್ಮಸ್ಥಳದ ಡಾ. ವೀರೇಂದ್ರ ಹೆಗ್ಗಡೆಯವರು ಕೂಡಿಟ್ಟ ಹಳೇ ಕಾರುಗಳನ್ನು ಧರ್ಮಸ್ಥಳದಲ್ಲೂ ಶ್ರೀರಂಗಪಟ್ಟಣದ ಬಳಿಯ ‘ಪಯಣ’ದಲ್ಲೂ ನೋಡಬಹುದು, ನೋಡಲೇಬೇಕಾದ ಸಂಗ್ರಹ ಅದು. ಸೈಕಲ್ಲಿಗೆ ಪುಣೆಯ ಕರ್ವೆನಗರದಲ್ಲಿ ವಿಕ್ರಮ್ ಪೆಂಡ್ಸೆಯವರು ಒಂದು ಮ್ಯೂಸಿಯಮ್ಮನ್ನೇ ಮಾಡಿದ್ದಾರೆ. ಪುಣೆ ತನ್ನನ್ನು ಸೈಕಲ್ಲುಗಳ ಊರು ಎಂದು ಕರೆದುಕೊಂಡ ನಗರ, ಅಲ್ಲಿ ಅದು ಆಗಿದ್ದು ಸಹಜ. ಕಾರಿಗೆ ಆರ್‌ಸಿ ಇದೆ, ಚಾಸಿ ನಂಬರಿದೆ, ಯಾರ ಕೈಯಿಂದ ಯಾರ ಕೈಗೆ ಹೋಯಿತೆಂದು ಕಚೇರಿಯ ದಾಖಲೆ ಹೇಳುತ್ತದೆ. ಸೈಕಲ್ಲಿಗೆ ಅದು ಯಾವುದೂ ಇಲ್ಲ. ಮಹಾರಾಜರ ರೋಲ್ಸ್‌ರಾಯ್ಸ್ ಯಾವುದೆಂದು ಯಾರಾದರೂ ಹುಡುಕಿ ಹೇಳಿಯಾರು. ರಾತ್ರಿ ಶಿಫ್ಟಿಗೆ ಹುಲ್ಲೇಕೆರೆ ಕಡೆಯಿಂದ ಬಂದವನ ಹರ್ಕ್ಯುಲಿಸ್ ಯಾವುದೆಂದು ಹೇಳಬಲ್ಲವರು ಅವನ ಮನೆಯವರು ಮಾತ್ರ. ಅವರೂ ಇನ್ನೊಂದು ಹತ್ತು ಹದಿನೈದು ವರ್ಷ.

ಕಾಗದಪತ್ರ ಪೂರ್ತಿ ಇಲ್ಲವೇ ಇಲ್ಲ ಎಂದೂ ಅಲ್ಲ. ಒಂದು ಕಾಲಕ್ಕೆ ಪಟ್ಟಣಗಳಲ್ಲಿ ಸೈಕಲ್ಲಿಗೂ ತೆರಿಗೆಯಿತ್ತು. ದುಡ್ಡು ಕಟ್ಟಿದವರಿಗೆ ಪುರಸಭೆ ವರ್ಷ ಅಚ್ಚೊತ್ತಿದ ಲೋಹದ ಬಿಲ್ಲೆ ಕೊಡುತ್ತಿತ್ತು, ಅದನ್ನು ಸೈಕಲ್ಲಿಗೆ ಕಟ್ಟಿಕೊಂಡು ಓಡಾಡಬೇಕು. ಬಿಲ್ಲೆ ಇಲ್ಲದಿದ್ದರೆ, ರಾತ್ರಿ ದೀಪ ಇಲ್ಲದಿದ್ದರೆ, ಡಬಲ್ ರೈಡ್ ಹೋದರೆ ದಂಡ. ಆ ಬಿಲ್ಲೆ ಎಷ್ಟೋ ಸಲ ಫ್ರೇಮಿಗೆ ತಂತಿ ಕಟ್ಟಿದಂತೆಯೇ ಉಳಿದಿರುತ್ತದೆ. ಸೈಕಲ್ಲು ಕೊಂಡ ಅಂಗಡಿಯ ರಸೀತಿಯನ್ನು ಪಹಣಿ, ಕಂದಾಯದ ಚೀಟಿಗಳ ಜೊತೆ ಟ್ರಂಕಿನಲ್ಲಿ ಇಟ್ಟುಕೊಂಡ ಹಿರಿಯರಿದ್ದಾರೆ. ಜಮೀನಿನಷ್ಟೇ ಜೋಪಾನದ ಆಸ್ತಿ ಅದಾಗಿತ್ತು. ಮನೆ ಕೆಡವುವಾಗ ಟ್ರಂಕನ್ನೂ ನೋಡಿ.

ಈಗ ಏನು ಮಾಡಬಹುದು? ದೊಡ್ಡ ಮ್ಯೂಸಿಯಂ ಕಟ್ಟಿ ಎಂದು ಸರ್ಕಾರವನ್ನು ಕೇಳುವುದು ನನ್ನ ಉದ್ದೇಶವಲ್ಲ, ಅದು ಆಗುವ ಹೊತ್ತಿಗೆ ಸೈಕಲ್ಲುಗಳಿರುವುದಿಲ್ಲ. ಅಮ್ಮಸಂದ್ರದಲ್ಲೋ ದಂಡಿನಶಿವರದಲ್ಲೋ ಶಾಲೆಯ ಖಾಲಿ ಕೊಠಡಿ, ಪಂಚಾಯ್ತಿಯ ಹಳೇ ಕಟ್ಟಡ ಒಂದು ಸಾಕು. ಮನೆ ಕೆಡವುವವರು ಸೈಕಲ್ಲನ್ನು ಅಲ್ಲಿಗೆ ತಂದು ನಿಲ್ಲಿಸಲಿ. ಒಂದು ರಟ್ಟಿನ ಪುಸ್ತಕದಲ್ಲಿ ಯಾರದು, ಯಾವ ಊರು, ಎಲ್ಲಿ ಕೊಂಡದ್ದು, ಅದರಲ್ಲಿ ಏನು ಹೊತ್ತದ್ದು, ಯಾವಾಗ ನಿಂತಿತು ಎಂದು ಬರೆಯಲಿ, ಹೈಸ್ಕೂಲ್ ಮಕ್ಕಳೇ ಬರೆಯಬಹುದು. ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ ನಮ್ಮ ರಾಜ್ಯದಲ್ಲಿ 2006-07ರಲ್ಲಿ ಶುರುವಾಗಿತ್ತು. ಆ ಸೈಕಲ್ಲು ತುಳಿದು ಹೈಸ್ಕೂಲಿಗೆ ಹೋದ ಹೆಣ್ಣುಮಕ್ಕಳು ಈಗ ತಾಯಂದಿರು, ಅವರ ಸೈಕಲ್ಲುಗಳೂ ಗುಜರಿಯ ದಾರಿಯಲ್ಲಿವೆ. ಆ ಕೊಠಡಿಯಲ್ಲಿ ಅಂಥದ್ದೊಂದು ಇರಲೇಬೇಕು. ಓಡುವ ಸ್ಥಿತಿಗೆ ಬಂದವನ್ನು ಬೀಗ ಹಾಕಿ ಇಡದೆ, ವಾರಕ್ಕೊಮ್ಮೆ ಊರವರೇ ತುಳಿಯಲಿ. ತುಳಿದರೆ ಗ್ರೀಸು ಒಣಗುವುದಿಲ್ಲ, ಟೈರು ಬಿರಿಯುವುದಿಲ್ಲ.

ಸದ್ಯಕ್ಕೆ ಅಟ್ಟದಿಂದ ಸೈಕಲ್ಲು ಇಳಿಸುವವರಿಗೆ ಇಷ್ಟು ಹೇಳಬಹುದು. ಇಳಿಸಿದ ಕೂಡಲೇ ಪೆಡಲು ತಿರುಗಿಸಿ ನೋಡಬೇಡಿ, ಒಣಗಿದ ಗುಂಡು ಕಪ್ಪನ್ನು ಕೆರೆಯುತ್ತದೆ. ಸರ್ವಿಸ್ ಸ್ಟೇಷನ್ನಿನ ಪ್ರೆಷರ್ ನೀರು ಹೊಡೆಸಬೇಡಿ, ಹಬ್ಬಿನೊಳಗೆ ನೀರು ನಿಂತರೆ ಅಟ್ಟದಲ್ಲಿ ಹಿಡಿಯದ ತುಕ್ಕು ಒಂದು ವಾರದಲ್ಲಿ ಹಿಡಿಯುತ್ತದೆ. ಬಿಲ್ಲೆ, ಬೆಲ್ಲು, ದೀಪ, ಬೀಗ, ಉದುರಿದ ನಟ್ಟು ಏನೇ ಸಿಕ್ಕರೂ ಒಂದು ಬಟ್ಟೆಯಲ್ಲಿ ಗಂಟು ಕಟ್ಟಿ ಸೈಕಲ್ಲಿಗೇ ಕಟ್ಟಿ. ಸೀಟಿನ ಕೆಳಗೋ ಪೆಡಲಿನ ಬುಡದಲ್ಲೋ ಇರುವ ಫ್ರೇಮ್ ನಂಬರಿನ ಫೋಟೋ ತೆಗೆದಿಟ್ಟುಕೊಳ್ಳಿ. ಆಮೇಲೆ ಓವರಾಯಿಲಿಂಗಿಗೆ ತುರುವೇಕೆರೆ, ತಿಪಟೂರು, ಚಿಕ್ಕನಾಯಕನಹಳ್ಳಿಯಲ್ಲಿ ಇನ್ನೂ ಕೆಲಸ ಬಿಡದ ಹಳೇ ಸೈಕಲ್ ಮೇಸ್ತ್ರಿಯನ್ನೇ ಹುಡುಕಿ. ಅಂಗಡಿಯ ಮುಂದೆ ಈಗ ಬೈಕುಗಳೇ ಹೆಚ್ಚು ನಿಂತಿರಬಹುದು, ರ‍್ಯಾಲಿ ಎಂದರೆ ಅವರು ಪಾನಾ ಕೆಳಗಿಟ್ಟು ಎದ್ದು ಬರುತ್ತಾರೆ. ಕಾಟರ್ ಪಿನ್ನು ತೆಗೆಯುವ ದಿನ ಮನೆಯ ಹುಡುಗನನ್ನೋ ಹುಡುಗಿಯನ್ನೋ ಜೊತೆಗೆ ಕರೆದೊಯ್ದು, ಪೈಪಿನ ತುಂಡು ಹಿಡಿದುಕೊಳ್ಳುವ ಕೆಲಸ ಅವರಿಗೆ ಕೊಡಿಸಿ.